ಒರೆಸಿದ ಕಡಲೆ ಹೊಲ

"ಅಜ್ಜಾರ, ನಾಳೆ ಪಂಚರ ಮುಂದ ನಿಂತು ತಪ್ಪಾತು ಅಂದುಬಿಡ್ಲೇನ್ರಿ?"

ಕೇಳಿದವಳು ಫಕೀರವ್ವ. ಕೇಳಿಸಿಕೊಂಡವರು ಊರಾಚೆಯ ಸಣ್ಣ ಮಠದ ಗುರುಗಳು. ಆ ಸೀಮೆಯಲ್ಲಿ ಮಠದ ಗುರುಗಳು ಹರೆಯದವರಾಗಿದ್ದರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಾರೆ. ಈ ಅಜ್ಜಾರಿಗೆ ಹೆಸರಿಗೆ ತಕ್ಕ ವಯಸ್ಸೂ ಆಗಿತ್ತು, ವಯಸ್ಸಿಗೆ ತಕ್ಕ ಬಾಯಿಯೂ ಇತ್ತು.

"ಯಾವ ತಪ್ಪು ತಂಗಿ?" ಎಂದರು.

ಸಂಗತಿ ಇಷ್ಟು. ಊರಿನ ದೊಡ್ಡ ಮನೆಯ ಯಜಮಾನ ತಗ್ಗಿನ ಹೊಲಗಳಿಗೆ ಹೋಗುವ ಬಂಡಿಯ ಹಾದಿಗೆ ಬೇಲಿ ಹಾಕಿಸಿದ್ದ. ಹಾದಿಯ ಆಚೆ ಫಕೀರವ್ವನ ಹೊಲವಿತ್ತು, ಇನ್ನೂ ಏಳೆಂಟು ಮನೆಯವರ ಹೊಲಗಳಿದ್ದವು. ಹಾದಿ ಹೋದರೆ ಗೊಬ್ಬರ ಹೊಲಕ್ಕೆ ಹೋಗುವುದಿಲ್ಲ, ಬೆಳೆದದ್ದು ಮನೆಗೆ ಬರುವುದಿಲ್ಲ. ಉಳಿದವರು ಬೇಲಿ ನೋಡಿ ಬಂಡಿ ತಿರುಗಿಸಿಕೊಂಡು ಬಂದರು. ಫಕೀರವ್ವ ತಿರುಗಲಿಲ್ಲ. ಬೇಲಿಯ ಮುಂದೆ ನಿಂತು, ಯಜಮಾನನನ್ನು ಹೆಸರು ಹಿಡಿದು ಕರೆದು, "ಇದು ನಿಮ್ಮಪ್ಪನ ಕಾಲಕ್ಕೂ ಹಾದಿ, ನನ್ನ ಮೊಮ್ಮಕ್ಕಳ ಕಾಲಕ್ಕೂ ಹಾದಿ" ಎಂದಿದ್ದಳು. ಊರೆಲ್ಲ ಕೇಳಿತ್ತು. ಮರುದಿನ ಪಂಚರು ಸೇರುವವರಿದ್ದರು. ಅವಳು ತಪ್ಪಾಯಿತೆಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಬೇಲಿ ಅಲ್ಲಿಯೇ ಉಳಿಯುತ್ತಿತ್ತು.

"ಹೆಣ್ಣುಮಗಳ ಬಾಯಿ ಇಷ್ಟು ಹುಳಿ ಇರಬಾರದು ಅಂತಾನ ನಮ್ಮಣ್ಣ" ಎಂದಳು ಫಕೀರವ್ವ. "ಮೆತ್ತಗ ಇದ್ದರ ಎಲ್ಲಾರಿಗೂ ಬೇಕಾಗ್ತೀ ಅಂತಾಳ ನಮ್ಮವ್ವ. ಓಣಿ ಅಕ್ಕಗೋಳು ಬಂದು ಗದ್ದ ಹಿಡಿದು ಹೇಳಿದರು. ಎಲ್ಲಾರೂ ನನ್ನ ಚಲೋದಕ್ಕ ಹೇಳೋರೇ ಅದಾರ್ರಿ. ನೀವೂ ಒಂದ್ ಮಾತು ಹೂಂ ಅಂದುಬಿಟ್ಟರ, ಹೋಗಿ ಕೈ ಮುಗಿದು ಬಂದುಬಿಡ್ತೀನಿ."

"ಹುಳಿ ಅಂದನೇನು ನಿಮ್ಮಣ್ಣ?" ಅಜ್ಜಾರು ನಕ್ಕರು. "ಹಂಗಾದ್ರ ಕೂಡು. ಹುಳಿ ಮಾತು ನಿಂತು ಕೇಳೂವಂಥದ್ದಲ್ಲ."

ಅವಳು ಕೂತಳು. ಅಜ್ಜಾರು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೆ ಕಪ್ಪು ಮಣ್ಣಿನ ಒಂದು ಎರೆ ಹೊಲವಿತ್ತು. ಹಿಂಗಾರಿಯಲ್ಲಿ ಅಲ್ಲಿ ಕಡಲೆ ಬಿತ್ತುತ್ತಿದ್ದ. ಆ ಹೊಲ ಬಿಟ್ಟರೆ ಅವನಿಗೆ ಬೇರೆ ಹೊಲವಿರಲಿಲ್ಲ, ಆ ಕಡಲೆ ಬಿಟ್ಟರೆ ಬೇರೆ ಬೆಳೆಯಿರಲಿಲ್ಲ.

ಕಡಲೆ ಗಿಡ ಹೇಗಿರುತ್ತದೆಂದು ನಿನಗೆ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ನನಗೆ ಹೇಳುವ ಆಸೆ. ಅದರ ಎಲೆಯ ಮೇಲೆ, ಕಾಂಡದ ಮೇಲೆ, ಕಾಯಿಯ ಸಿಪ್ಪೆಯ ಮೇಲೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕೂದಲಿರುತ್ತವೆ. ಒಂದೊಂದು ಕೂದಲಿನ ತುದಿಗೂ ಒಂದೊಂದು ಹುಳಿಯ ಹನಿ. ಅದನ್ನು ಬಿತ್ತಿದವನು ಹಾಕಿದ್ದಲ್ಲ, ಗೊಬ್ಬರ ಕೊಟ್ಟದ್ದಲ್ಲ. ನಾವು ಬೆವರುವ ಹಾಗೆ ಗಿಡವೇ ಬೆವರಿ ಹೊರಗಿಟ್ಟದ್ದು. ಬರಿಗಾಲಿನಲ್ಲಿ ಆ ಹೊಲ ಹೊಕ್ಕರೆ ಕಾಲು ಉರಿಯುತ್ತದೆ. ದಿನವೂ ಹೊಕ್ಕರೆ ಸೀರೆಯ ಅಂಚು ತೂತು ಬೀಳುತ್ತದೆ. ಹಸಿ ಕಡಲೆ ಸುಲಿದು ತಿಂದವರಿಗೆ ತುಟಿ ಚುರುಗುಟ್ಟುತ್ತದೆ. ಆದರೂ ಯಾರೂ ತಿನ್ನುವುದು ಬಿಟ್ಟಿಲ್ಲ.

ಆ ಸೀಮೆಯ ಜನರಿಗೆ ಒಂದು ಪದ್ಧತಿ ಇತ್ತು. ಚಳಿ ಬಿದ್ದ ಮೇಲೆ ಸಂಜೆ ಹೊತ್ತು ಒಂದು ತೆಳು ಅರಿವೆಯನ್ನು ಗಿಡಗಳ ಮೇಲೆ ಹಾಸಿ ಬರುತ್ತಿದ್ದರು. ಇಬ್ಬನಿ ಬಿದ್ದು, ಹುಳಿ ಕರಗಿ, ಅರಿವೆ ಅದನ್ನು ಕುಡಿಯುತ್ತಿತ್ತು. ಬೆಳಿಗ್ಗೆ ಅದನ್ನು ಗಡಿಗೆಗೆ ಹಿಂಡಿಕೊಳ್ಳುತ್ತಿದ್ದರು. ಹೊಟ್ಟೆ ನೋವೆಂದವರಿಗೆ ಅದರ ನಾಲ್ಕು ಹನಿ. ಹುಣಸೆ ತೀರಿದ ಮನೆಯಲ್ಲಿ ಸಾರಿಗೂ ಅದೇ. ಆದರೆ ಅರಿವೆ ಹಾಸುವುದು ಹೊಲದ ಒಂದು ಮೂಲೆಗೆ ಮಾತ್ರ ಎಂದು ಹಿರಿಯರು ಕಟ್ಟು ಮಾಡಿದ್ದರು. ಉಳಿದ ಗಿಡಗಳನ್ನು ಮುಟ್ಟುವಂತಿರಲಿಲ್ಲ. ಯಾಕೆಂದು ಯಾರೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ರೈತ ಬಹಳ ಒಳ್ಳೆಯವನು. ಅವನ ತೊಂದರೆಯೇ ಅದು. ಎದುರಿಗಿದ್ದವರ ಮುಖ ಸ್ವಲ್ಪ ಬಾಡಿದರೂ ಅವನಿಗೆ ಅಂದು ಊಟ ಸೇರುತ್ತಿರಲಿಲ್ಲ.

ಒಂದು ಹಿಂಗಾರಿಯಲ್ಲಿ ಆ ಸೀಮೆಯ ಒಡೆಯ ಬೆಳೆ ನೋಡಲು ಬಂದ. ಹಸಿ ಕಡಲೆಯ ಆಸೆಗೆ ರೈತನ ಹೊಲಕ್ಕೆ ಇಳಿದ. ಒಂದೆರಡು ಹೆಜ್ಜೆ ಇಟ್ಟವನೇ ಕಾಲು ಕೊಡವಿದ.

"ಏನಪಾ, ನಿನ್ನ ಹೊಲ ಕಚ್ಚತೈತಲ್ಲೋ! ಕಟ್ಟಿ ಹಾಕಬಾರದೇನು?"

ಜೊತೆಗಿದ್ದವರೆಲ್ಲ ನಕ್ಕರು. ಒಡೆಯನೂ ನಕ್ಕ. ನಕ್ಕು, ಮುಂದಿನ ಊರು ಸೇರುವುದರೊಳಗೆ ಮರೆತ. ಅವನು ಕೆಟ್ಟವನಲ್ಲ, ಅವನ ಅಂಗಾಲು ಮೆತ್ತಗಿತ್ತು, ಅಷ್ಟೇ. ರೈತ ಮಾತ್ರ ಮರೆಯಲಿಲ್ಲ. ಉಂಡರೂ ಅದೇ ಮಾತು, ಮಲಗಿದರೂ ಅದೇ ಮಾತು. ನನ್ನ ಹೊಲ ಕಚ್ಚುತ್ತದೆ. ನಾಲ್ಕು ಜನರ ನಡುವೆ ನನ್ನ ಹೊಲ ಕಚ್ಚುತ್ತದೆ ಎಂದರು.

ಮರುವರ್ಷ ಒಡೆಯ ಮತ್ತೆ ಬರುತ್ತಾನೆಂದು ಸುದ್ದಿ ಬಂತು. ರೈತ ಹೊಲವನ್ನೇ ಮೆತ್ತಗೆ ಮಾಡುತ್ತೇನೆಂದು ಹೊರಟ. ಮನೆಯಲ್ಲಿದ್ದ ಪಂಚೆ ತಂದ, ಹಳೆಯ ಸೀರೆ ತಂದ, ಹೊದೆಯುವ ದುಪ್ಪಟಿ ತಂದ. ಒಂದು ಮೂಲೆಗೆ ಹಾಸುವುದನ್ನು, ಬದುವಿನ ಅಂಚಿನ ಸಾಲುಗಳನ್ನು ಕೊನೆಗೆಂದು ಉಳಿಸಿ, ಇಡೀ ಹೊಲಕ್ಕೆ ಹಾಸಿದ. ಬೆಳಿಗ್ಗೆ ಎದ್ದು ಹಿಂಡಿದ. ಹಿಂಡಿದ ಅರಿವೆಯನ್ನೇ ಹಿಡಿದು ಗಿಡ ಗಿಡಕ್ಕೂ ಮೈ ಒರೆಸಿದ. ಗಿಡ ಮತ್ತೆ ಹುಳಿ ತಂದಿತು. ಅವನು ಮತ್ತೆ ಒರೆಸಿದ. ಗಿಡ ಇನ್ನೊಮ್ಮೆ ತಂದಿತು. ಅವನು ಇನ್ನೊಮ್ಮೆ ಒರೆಸಿದ. ಗಿಡಕ್ಕೆ ಛಲವಿತ್ತು, ಅವನಿಗೆ ಪ್ರೀತಿಯಿತ್ತು. ಕೊನೆಗೆ ಪ್ರೀತಿಯೇ ಗೆದ್ದಿತು. ಹೊಲದಲ್ಲಿ ನಡೆದರೆ ಕಾಲಿಗೆ ಏನೂ ಆಗುತ್ತಿರಲಿಲ್ಲ.

ಅವನ ಹೆಂಡತಿ ಬದುವಿನ ಮೇಲೆ ನಿಂತು ಇದನ್ನೆಲ್ಲ ನೋಡಿದಳು.

"ಏನ್ರಿ ಇದು? ಹೊಲಕ್ಕ ಎಣ್ಣಿ ಹಚ್ಚಿ ಎರದು ಮೈ ಒರಸಾಕ ಹತ್ತೀರೇನು?"

"ಒಡೆಯರು ಬರ್ತಾರ. ಅವರ ಕಾಲು ಉರೀಬಾರದು."

"ಅವರು ಬಂದು ನಿಲ್ಲೂದು ಒಂದು ಗಳಿಗಿ. ಗಿಡ ನಿಲ್ಲೂದು ಸುಗ್ಗಿ ತನಕ."

"ನಾಲ್ಕು ಮಂದ್ಯಾಗ ನನ್ನ ಹೊಲ ಕಚ್ಚತೈತಿ ಅಂದರು. ನಿನಗೇನು ಗೊತ್ತು ಅದರ ಸಂಕಟ."

"ಕಚ್ಚಲಿ ಬಿಡ್ರಿ. ಅದಕ್ಕ ಕೋಡಿಲ್ಲ, ಮುಳ್ಳಿಲ್ಲ, ಓಡಿ ಹೋಗಾಕ ಕಾಲಿಲ್ಲ. ಇರೂದು ಅದೊಂದು ಹುಳಿ. ಅದನ್ನೂ ಕಸ್ಕೊಂಡರ ಅದು ಯಾರ ಮನಿಗೆ ಹೋಗಿ ಅಳಬೇಕು?" ಎಂದಳು. ಆಮೇಲೆ ಗಂಡನನ್ನು ಹಿಂದಿನಿಂದ ನೋಡಿ, "ಮೊದಲು ನಿಮ್ಮ ಪಂಚಿ ನೋಡ್ಕೋರಿ, ಜರಡಿ ಆಗೇತಿ. ಒಡೆಯರು ಬರೂದ್ರಾಗ ಹೊಲ ಮೆತ್ತಗಾಗತೈತೋ ಇಲ್ಲೋ, ನಿಮ್ಮ ಮಾನ ಮಾತ್ರ ಹೊರಗ ಬೀಳತೈತಿ" ಎಂದಳು.

ರೈತ ನಗಲಿಲ್ಲ. ಅರಿವೆ ಹಿಡಿದುಕೊಂಡು ಬದುವಿನ ಅಂಚಿನ ಸಾಲುಗಳ ಕಡೆಗೆ ಬಂದ. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡ ನಿಂತಳು.

"ಈ ಸಾಲು ನನ್ನವು. ನನ್ನ ತವರಿನ ಬೀಜ, ನಾನು ಬಿತ್ತಿದ್ದು. ಇವುಗಳ ಮ್ಯಾಲ ಅರಿವಿ ಹಾಸಿದ್ದು ಕಂಡರ ಈ ಮನ್ಯಾಗ ಒಲಿ ಹೊತ್ತೂದಿಲ್ಲ, ನೋಡ್ರಿ ಮತ್ತ."

ಒಳ್ಳೆಯವರಿಗೂ ಹಸಿವೆಯಾಗುತ್ತದೆ. ರೈತ ಆ ಸಾಲುಗಳನ್ನು ಬಿಟ್ಟ. ಆದರೆ ಊರು ಅವಳನ್ನು ಬಿಡಲಿಲ್ಲ. ಗಂಡ ಬೆಣ್ಣೆಯಂಥವನು, ಇವಳು ಹೀಗೆ ಎಂದು ಬಾವಿಯ ಹತ್ತಿರ ಮಾತಾಡಿದರು. ಅವಳಿಗೆ ಹುಳಿ ಹೆಂಗಸು ಎಂದು ಹೆಸರಿಟ್ಟರು. ಅವಳ ಸಾಲುಗಳ ಪಕ್ಕದಲ್ಲಿ ಹೋಗುವಾಗ ಬೇಕೆಂದೇ ಸೀರೆ ಎತ್ತಿ ಹಿಡಿದು, "ಸುಡತೈತವ್ವ, ಸುಡತೈತಿ" ಎಂದು ಕುಣಿದು ತೋರಿಸಿದರು. ಅವಳು ನೀರು ಸೇದಿಕೊಂಡು, ಕೊಡ ಹೊತ್ತುಕೊಂಡು, ಅವರ ನಡುವಿನಿಂದಲೇ ನಡೆದು ಹೋದಳು. ಸುತ್ತು ಹಾದಿ ಹಿಡಿಯಲಿಲ್ಲ.

ಇನ್ನು ಪತಂಗದ ಮಾತು. ಮಣ್ಣಿನ ಬಣ್ಣದ ಪತಂಗ. ಹೊತ್ತು ಮುಳುಗುವಾಗ ಬಂದು ಬೆಳೆಯ ಮೇಲೆ ಹಾರಾಡುತ್ತದೆ. ಅದು ಮೊಟ್ಟೆಯಿಡುವ ಮೊದಲು ಎಲೆಯ ಮೇಲೆ ಕಾಲಿಟ್ಟು ರುಚಿ ನೋಡುತ್ತದೆ. ದೇವರು ಅದಕ್ಕೆ ಕಾಲಿನಲ್ಲೂ ಒಂದು ನಾಲಿಗೆ ಕೊಟ್ಟಿದ್ದಾನೆ. ಹೆಂಡತಿಯ ಸಾಲಿನ ಮೇಲೆ ಕೂತಿತು. ಹುಳಿ ತಾಗಿತು. ಎದ್ದಿತು. ಮುಂದಿನ ಗಿಡದ ಮೇಲೆ ಕೂತಿತು, ಅಲ್ಲಿಂದಲೂ ಎದ್ದಿತು. ಅಲ್ಲೊಂದು ಇಲ್ಲೊಂದು ಮೊಟ್ಟೆಯಿಟ್ಟು ಗಂಡನ ಹೊಲಕ್ಕೆ ಹಾರಿತು. ಅಲ್ಲಿ ಎಲ್ಲ ಎಲೆಯೂ ಒರೆಸಿ ಇಟ್ಟಂತಿತ್ತು. ಪತಂಗ ಬಳಗವನ್ನೆಲ್ಲ ಕರೆದಂತೆ ಪತಂಗಗಳು ಬಂದವು. ಕುಡಿ ಕುಡಿಗೆ ಗಸಗಸೆಯಂಥ ಮೊಟ್ಟೆಗಳನ್ನಿಟ್ಟವು.

ಮೊಟ್ಟೆ ಒಡೆದು ಕೀಡೆಗಳು ಬಂದವು. ಮೊದಲು ದಾರದ ಎಳೆಯಂತಿದ್ದವು. ಎಲೆಯ ಹಸಿರನ್ನು ಕೆರೆದು ತಿಂದವು. ಬೆಳೆದವು. ಗಿಡದ ಬಣ್ಣವನ್ನೇ ತಾವೂ ಉಟ್ಟುಕೊಂಡವು, ಹುಡುಕಿದರೂ ಕಾಣುತ್ತಿರಲಿಲ್ಲ. ಕಾಯಿ ಕಟ್ಟಿದ ಮೇಲೆ ಕಾಯಿಗೆ ತೂತು ಹಾಕಿ ತಲೆ ಒಳಗಿಟ್ಟವು, ಮೈ ಹೊರಗೆ ಬಿಟ್ಟವು, ಕಾಳು ತಿಂದವು. ಒಂದು ಕಾಯಿ ಮುಗಿದರೆ ಪಕ್ಕದ ಕಾಯಿ.

ಇಲ್ಲಿ ಫಕೀರವ್ವ ಬಾಯಿ ಹಾಕಿದಳು.

"ಅಜ್ಜಾರ, ಆ ಹೆಣ್ಣುಮಗಳ ಸಾಲಿಗೆ ಒಂದೂ ಕೀಡಿ ಬೀಳಲಿಲ್ಲೇನ್ರಿ?"

"ಬಿದ್ದವು" ಎಂದರು ಅಜ್ಜಾರು. "ಬೀಳಲಿಲ್ಲ ಅಂದರ ಸುಳ್ಳಾಗತೈತಿ. ಹುಳಿ ಇದ್ದಾಕ್ಷಣ ಯಾರೂ ಕಚ್ಚೂದಿಲ್ಲ ಅಂತ ತಿಳಿಬ್ಯಾಡ. ಕಚ್ಚತಾರ. ಆದರ ಉಂಡು ತೇಗೂದಿಲ್ಲ."

ಆ ಸಾಲುಗಳ ಕೀಡೆಗಳು ಒಂದು ಎಲೆ ಕಚ್ಚಿದವು, ತಲೆ ಆಡಿಸಿದವು, ಬಿಟ್ಟವು. ಇನ್ನೊಂದಕ್ಕೆ ಹೋದವು, ಅಲ್ಲಿಯೂ ಅದೇ. ಹೊಟ್ಟೆ ತುಂಬಲಿಲ್ಲ, ಮೈ ಬೆಳೆಯಲಿಲ್ಲ. ಎಲೆಯಿಂದ ಎಲೆಗೆ ಅಲೆಯುತ್ತ ಬಯಲಿನಲ್ಲಿ ಕಂಡವು. ಕಂಡದ್ದನ್ನು ಹಕ್ಕಿಗಳು ಬಿಡುತ್ತವೆಯೇ? ಕೆಲವು ಗಿಡಗಳ ಕುಡಿ ಹೋಗಿತ್ತು, ನಿಜ. ಕಡಲೆ ಗಿಡ ಕುಡಿ ಹೋಯಿತೆಂದು ತಲೆಯ ಮೇಲೆ ಕೈ ಹೊತ್ತು ಕೂರುವುದಿಲ್ಲ. ನೀವು ಪಲ್ಯಕ್ಕೆ ಕುಡಿ ಚಿವುಟಿದಾಗ ಏನು ಮಾಡುತ್ತದೋ ಅದನ್ನೇ ಮಾಡಿತು. ಮುರಿದ ಕಡೆಯಿಂದ ಕವಲೊಡೆಯಿತು. ಹೊಸ ಕವಲಿನ ಮೇಲೂ ಹುಳಿಯಿತ್ತು. ಅದು ಯಾವ ಕೀಡೆಯ ಮನೆಗೂ ಜಗಳಕ್ಕೆ ಹೋಗಲಿಲ್ಲ. ತನ್ನನ್ನು ತಿನ್ನಲು ಬಂದವರ ಬಾಯಿಗೆ ತಾನು ಯಾರೆಂದು ಹೇಳಿತು.

ಗಂಡನ ಹೊಲದಲ್ಲಿ ರೈತ ಈಗ ಓಡಾಡುತ್ತಿದ್ದ. ಹುಳಿ ತೆಗೆಯಲು ತಂದಿದ್ದ ಅರಿವೆಗಳನ್ನೇ ಗಿಡಗಳ ಬುಡಕ್ಕೆ ಹಾಸಿ ಗಿಡ ಅಲುಗಿಸಿದ. ಕೆಲವು ಕೀಡೆಗಳು ಉದುರಿದವು. ಕಾಯೊಳಗೆ ತಲೆಯಿಟ್ಟವು ಉದುರಲಿಲ್ಲ. ಅವನಿಗೆ ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಬಂತು. ಒಂದು ಕೀಡೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಕೂಗಿದ.

"ಊರತುಂಬ ಹೊಲ ಇದ್ದಾವ. ನನ್ನ ಹೊಲನೇ ಬೇಕಾಗಿತ್ತೇನು ನಿನಗ?"

ಕೀಡೆ ಮೈ ಸುರುಳಿ ಸುತ್ತಿಕೊಂಡಿತು. ಉತ್ತರ ಬದುವಿನಿಂದ ಬಂತು.

"ಎಲಿ ತೊಳದು, ಒರಸಿ ಹಾಕಿದವರು ನೀವು. ಊಟಕ್ಕ ಕುಂತವರ ಮ್ಯಾಲ ಯಾಕ ಸಿಟ್ಟಾಗ್ತೀರಿ?"

ಅಷ್ಟರಲ್ಲಿ ಒಡೆಯ ಬಂದ. ರೈತ ಹರಿದ ಪಂಚೆಯಲ್ಲೇ ಕೈ ಮುಗಿದು ನಿಂತ. ಒಡೆಯ ಹೊಲಕ್ಕೆ ಇಳಿದ. ನಡೆದ. ಕಾಲು ಉರಿಯಲಿಲ್ಲ. "ಭಲೆ! ಹಾಸಿಗಿ ಮ್ಯಾಲ ನಡದಂಗ ಐತಿ" ಎಂದ. ರೈತ ಆ ಮಾತಿಗಾಗಿ ಒಂದು ವರ್ಷ ಕಾದಿದ್ದ. ಮಾತು ಬಂತು. ಒಡೆಯ ಬಗ್ಗಿ ಒಂದು ಕಾಯಿ ಕಿತ್ತು ಸುಲಿದ. ಒಳಗೆ ಹಿಕ್ಕೆ ಇತ್ತು. ಇನ್ನೊಂದು ಸುಲಿದ. ಅದರೊಳಗೆ ಒಂದು ಕೀಡೆ ಕೂತಿತ್ತು.

"ಇಲ್ಲಿ ನನಗಿಂತ ಮೊದಲ ಯಾರೋ ಬಂದು ಕುಂತಾರಲ್ಲಪಾ" ಎಂದು ಒಡೆಯ ನಕ್ಕ. ಕಾಯಿ ಬಿಸಾಡಿ ಕೈ ಒರೆಸಿಕೊಂಡ. ಜೊತೆಗಿದ್ದವರೂ ನಕ್ಕರು. ಹೋದ ವರ್ಷ ನಕ್ಕಷ್ಟೇ ನಕ್ಕರು.

ಹಿಂತಿರುಗುವಾಗ ಒಡೆಯನ ಕಣ್ಣು ಬದುವಿನ ಅಂಚಿನ ಸಾಲುಗಳ ಮೇಲೆ ಬಿತ್ತು. ಗಿಡದ ತುಂಬ ಕಾಯಿ. ಅತ್ತ ತಿರುಗಿದ.

ಹೆಂಡತಿ ಕೈ ಅಡ್ಡ ಚಾಚಿದಳು. "ಒಡೆಯರೇ, ಸಾಲಿನಾಗ ಕಾಲಿಡಬ್ಯಾಡ್ರಿ, ಉರೀತೈತಿ. ಬದುವಿನ ಮ್ಯಾಲ ಬರ್ರಿ."

ಒಡೆಯನಿಗೆ ಹೀಗೆ ಬಾ ಎಂದು ಯಾರೂ ಹೇಳಿದ್ದಿಲ್ಲ. ಒಡೆಯ ಅವಳನ್ನೊಮ್ಮೆ ನೋಡಿದ. ಆಮೇಲೆ ಬದು ಹತ್ತಿ ಸುತ್ತಿ ಬಂದ. ಅವಳು ಒಂದು ಗಿಡ ಕಿತ್ತು ಕೈಗೆ ಕೊಟ್ಟಳು. ಒಡೆಯ ಸುಲಿದು ತಿಂದ. ತುಟಿ ಚುರುಗುಟ್ಟಿತು.

"ಇದು ಯಾಕ ಉರೀತೈತಿ?"

"ಉರಿದದ್ದಕ್ಕ ನಿಮ್ಮ ಬಾಯಿ ತನಕ ಬಂದೈತ್ರಿ" ಎಂದಳು. "ಇಲ್ಲಾಂದ್ರ ಅದೂ ಕೀಡಿ ಹೊಟ್ಟ್ಯಾಗ ಇರತಿತ್ತು."

ಒಡೆಯ ತುಟಿ ನೆಕ್ಕಿಕೊಂಡು ಇನ್ನೊಂದು ಕಾಯಿ ಸುಲಿದ. ಮತ್ತೊಂದು ಸುಲಿದ. ಗಿಡ ಬರಿದಾಗುವ ತನಕ ಅಲ್ಲಿಂದ ಕದಲಲಿಲ್ಲ.

ಸುಗ್ಗಿ ಬಂತು. ಗಂಡನ ಹೊಲದಿಂದ ಹೊಟ್ಟು ಬಂತು. ಹೆಂಡತಿಯ ಸಾಲಿನಿಂದ ಕಾಳು ಬಂತು. ಆ ವರ್ಷ ಮನೆಯಲ್ಲಿ ಉಂಡದ್ದು ಅದನ್ನೇ, ಅದೂ ಅರೆಹೊಟ್ಟೆಗೆ. ಅದರಲ್ಲೇ ಒಂದು ಪಾಲನ್ನು ಅವಳು ಬೂದಿ ಬೆರೆಸಿ ಬೀಜಕ್ಕೆಂದು ಎತ್ತಿಟ್ಟಳು. ಮುಂದಿನ ಬಿತ್ತನೆಗೆ ರೈತ ಅವಳ ಮುಂದೆ ಪಂಚೆಯ ಚುಂಗು ಒಡ್ಡಿದ. ಅವಳು ಬೀಜ ಸುರಿಯುವ ಮೊದಲು, "ಒಂದು ಕಾಳು ಬಾಯಾಗ ಹಾಕ್ಕೊಂಡು ನೋಡ್ರಿ" ಎಂದಳು.

ಅವನು ಜಗಿದ. "ಸೀ ಐತಿ. ಹುಳಿ ಎಲ್ಲಿ ಹೋತು?"

"ಅದು ಹೊರಗ ಕಾವಲಿಗಿತ್ತು. ಕಾವಲಿನವರು ಅಡಗಿ ಮನ್ಯಾಗ ಯಾಕ ಬರ್ತಾರ?"

ರೈತ ಬೀಜ ಹೊತ್ತು ಹೊಲಕ್ಕೆ ಹೋದ. ಆ ವರ್ಷ ಅವನ ಹೊಲ ಹೊಕ್ಕವರ ಕಾಲು ಉರಿಯಿತು. ಕಾಲು ಕೊಡವಿದವರನ್ನು ನೋಡಿ ಅವನು ಬದುವಿನ ಕಡೆಗೆ ಬೆರಳು ತೋರಿಸಿದ, ಅಷ್ಟೇ. ಅರಿವೆ ತರಲು ಮನೆಗೆ ಓಡಲಿಲ್ಲ.

ಅಜ್ಜಾರು ಕತೆ ನಿಲ್ಲಿಸಿದರು.

ಫಕೀರವ್ವ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಿರಲಿಲ್ಲ. ಮುಖ ಕೆಂಪಾಗಿತ್ತು.

"ತಿಳೀತ್ರಿ ಅಜ್ಜಾರ. ತಪ್ಪಾತು ಅನ್ನೂದಿಲ್ಲ ನಾನು. ಪಂಚರ ಮುಂದ ನಿಂತು, ಬೇಲಿ ತಗಿ ಅಂತೀನಿ. ಅವರು ಏಳೂ ತನಕ ಅದೊಂದ ಮಾತು ಅಂತೀನಿ. ಮೆತ್ತಗಾಗು, ಮೆತ್ತಗಾಗು ಅಂತ ಇಷ್ಟು ದಿವಸ ನನ್ನ ಹಿಂಡಿ ಹಿಪ್ಪಿ ಮಾಡಿದ್ದು ಯಾರು ಅಂತ ಈಗ ಗೊತ್ತಾತು. ಆ ಬೇಲಿ ಹಾಕಿದಾವನೇ ಆ ಕೀಡಿ. ಇದೆಲ್ಲಾ ಅವಂದೇ ಕೆಲಸ, ಹೌದಲ್ರಿ?"

ಅಜ್ಜಾರು ಅವಳ ಮುಖವನ್ನೇ ನೋಡಿದರು. ಆಮೇಲೆ ಒಂದು ಮಾತು ಹೇಳಿದರು. ಅದನ್ನು ಕೇಳಿದ ಫಕೀರವ್ವ ತಿರುಗಿ ಊರಿನೊಳಗಿನ ತನ್ನ ಓಣಿಯ ಕಡೆಗೆ ನೋಡಿದಳು.

"ಅರಿವಿ ಹಿಂಡಾಕ ಕೀಡಿಗೆ ಕೈ ಎಲ್ಲಿದ್ದವು, ತಂಗಿ?"